ತಂತಿಯೇ ಥರ್ಮಾಮೀಟರ್ ಆದರೆ ಸೆನ್ಸರ್ ಯಾಕೆ?

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ಇ-ಸಿಗರೇಟಿನ ಕಾಯಿಲ್ ಎಷ್ಟು ಬಿಸಿಯಾಗಬೇಕು ಅನ್ನುವುದನ್ನು ಮೈಕ್ರೋಕಂಟ್ರೋಲರ್ ಇಲ್ಲದೆ, ಬರೀ ಆಪ್-ಆಂಪ್ ಮತ್ತು ಟ್ರಾನ್ಸಿಸ್ಟರ್‌ನಿಂದ ನಿಯಂತ್ರಿಸಬಹುದಾ? ಅಷ್ಟು ಚಿಕ್ಕ ಕಾಯಿಲ್‌ಗೆ ಸೆನ್ಸರ್ ಎಲ್ಲಿ ಕೂರಿಸುತ್ತಾರೆ? ಇದನ್ನೇ ಪ್ರಾಜೆಕ್ಟ್ ಮಾಡೋಣ ಅಂದುಕೊಂಡಿದ್ದೇನೆ.
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಇ-ಸಿಗರೇಟ್ ಪ್ರಾಜೆಕ್ಟ್ ಬೇಡ. 2019ರ ಕಾನೂನಿನ ಪ್ರಕಾರ ನಮ್ಮ ದೇಶದಲ್ಲಿ ಅದನ್ನು ತಯಾರಿಸುವುದು, ಮಾರುವುದು, ದಾಸ್ತಾನು ಇಡುವುದು ಎಲ್ಲವೂ ಅಪರಾಧ. ತಯಾರಿಸಿದರೆ ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಪ್ರಶ್ನೆ ಚೆನ್ನಾಗಿದೆ. ಇದೇ ಸರ್ಕ್ಯೂಟನ್ನು ಬೇರೆ ವಸ್ತುವಿನ ಮೇಲೆ ಮಾಡುವ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಅಗ್ಗದ ಇ-ಸಿಗರೇಟಿನಲ್ಲಿ ಟೆಂಪರೇಚರ್ ಕಂಟ್ರೋಲ್ ಅನ್ನುವುದೇ ಇರುವುದಿಲ್ಲ. ನಿಷೇಧಕ್ಕೂ ಮುಂಚೆ ಕೆಟ್ಟುಹೋದ ಒಂದನ್ನು ಬಿಚ್ಚಿದ್ದೆ. ಒಳಗೆ ಹಳೇ ಟೇಪ್‌ರೆಕಾರ್ಡರ್‌ನ ಮೈಕ್‌ನಂಥ ಪುಟ್ಟ ಲೋಹದ ಡಬ್ಬಿ, ಅದರಿಂದ ಹೊರಟ ಮೂರು ವೈರ್. ಅಷ್ಟೇ. ಬಾಯಿಂದ ಎಳೆದಾಗ ಡಬ್ಬಿಯೊಳಗಿನ ತೆಳು ಪೊರೆ ಬಾಗುತ್ತದೆ, ಕೆಪಾಸಿಟೆನ್ಸ್ ಬದಲಾಗುತ್ತದೆ, ಪಕ್ಕದ ಚಿಪ್ ಬ್ಯಾಟರಿಯನ್ನು ಕಾಯಿಲ್‌ಗೆ ಜೋಡಿಸುತ್ತದೆ. ತುಂಬಾ ಹೊತ್ತು ಎಳೆದರೆ ತಾನೇ ಕಡಿಯುತ್ತದೆ. ಬಿಸಿ ಎಷ್ಟಾಯಿತು ಅಂತ ಅದಕ್ಕೆ ಗೊತ್ತೇ ಇಲ್ಲ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಕಾಯಿಲ್‌ಗೆ ದ್ರವ ಉಣಿಸುವ ಹತ್ತಿಯ ಬತ್ತಿ ಒದ್ದೆ ಇರುವಷ್ಟು ಹೊತ್ತು ತೊಂದರೆ ಕಾಣುವುದಿಲ್ಲ. ಆ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿಗೆ, ಗ್ಲಿಸರಿನ್ 290 ಡಿಗ್ರಿಗೆ ಕುದಿಯುತ್ತವೆ. ದ್ರವ ಕುದಿಯುತ್ತಲೇ ಬಿಸಿಯನ್ನು ಹೀರಿಕೊಳ್ಳುತ್ತದೆ. ಪಾತ್ರೆಯಲ್ಲಿ ನೀರಿದ್ದರೆ ತಳ ಹಿಡಿಯದ ಹಾಗೆ. ಬತ್ತಿ ಒಣಗಿತೋ, ಹತ್ತಿ ಸೀಯುತ್ತದೆ. ದ್ರವ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷ ಹುಟ್ಟುತ್ತದೆ.

ಇನ್ನು ನಿಮ್ಮ ಸೆನ್ಸರ್ ಪ್ರಶ್ನೆ. ಬೇರೆ ಸೆನ್ಸರ್ ಇಲ್ಲ, ಕಾಯಿಲ್ ತಂತಿಯೇ ಸೆನ್ಸರ್! ಬಿಸಿಯಾದಂತೆ ಲೋಹದ ರೆಸಿಸ್ಟೆನ್ಸ್ ಏರುತ್ತದೆ, ಅದನ್ನೇ ಅಳೆಯುತ್ತಾರೆ. ಆದರೆ ಎಲ್ಲ ತಂತಿಯೂ ಆಗುವುದಿಲ್ಲ. ಸಾಮಾನ್ಯವಾಗಿ ಬಳಸುವ ಕಾಂಥಾಲ್ ತಂತಿ ಕಲ್ಲಿನ ಹಾಗೆ: 200 ಡಿಗ್ರಿ ಏರಿದರೂ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ನಿಕ್ಕಲ್ ಹಾಗಲ್ಲ. ತಣ್ಣಗಿದ್ದಾಗ 0.1 ಓಮ್ ಇದ್ದದ್ದು 200 ಡಿಗ್ರಿ ಏರಿದರೆ ಸುಮಾರು 0.22 ಓಮ್. ದುಪ್ಪಟ್ಟಿಗಿಂತ ಜಾಸ್ತಿ! ಆದರೆ ಕಾಯಿಲ್ ಹಿಡಿದ ತಿರುಪು ಸಡಿಲವಾಗಿ 0.01 ಓಮ್ ಸೇರಿಕೊಂಡರೂ ಸರ್ಕ್ಯೂಟಿಗೆ ಅದು ಹತ್ತಿರ ಹತ್ತಿರ 17 ಡಿಗ್ರಿ ಏರಿದಂತೆ ಕಾಣುತ್ತದೆ.

ಅಳೆಯುವುದಕ್ಕೆ ಲ್ಯಾಬಿನ ನಮ್ಮ ಹಳೇ ವೀಟ್‌ಸ್ಟನ್ ಬ್ರಿಡ್ಜ್ ಸಾಕು. ಎಡಗಡೆ ಮೇಲೊಂದು ಸ್ಥಿರ ರೆಸಿಸ್ಟರ್, ಕೆಳಗೆ ಕಾಯಿಲ್. ಬಲಗಡೆ ಮೇಲೊಂದು ರೆಸಿಸ್ಟರ್, ಕೆಳಗೆ ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್). ಎರಡೂ ನಡುಬಿಂದುಗಳ ವೋಲ್ಟೇಜನ್ನು ಆಪ್-ಆಂಪ್ (ವ್ಯತ್ಯಾಸವನ್ನು ಹಿಗ್ಗಿಸುವ ಐಸಿ) ಹೋಲಿಸಿ ನೋಡುತ್ತದೆ. ಕಾಯಿಲ್ ತಣ್ಣಗಿದ್ದರೆ ಟ್ರಾನ್ಸಿಸ್ಟರ್ ಮೂಲಕ ಬ್ರಿಡ್ಜಿಗೆ ಜಾಸ್ತಿ ಕರೆಂಟ್ ಹರಿಸುತ್ತದೆ, ಬಿಸಿಯಾದರೆ ಕಮ್ಮಿ ಮಾಡುತ್ತದೆ. ಇದರಲ್ಲಿ ನನಗೆ ಇಷ್ಟವಾಗುವ ಸಂಗತಿ ಏನೆಂದರೆ, ಬ್ರಿಡ್ಜ್ ನೋಡುವುದು ಅನುಪಾತವನ್ನು. ಬ್ಯಾಟರಿ 4.2 ವೋಲ್ಟ್ ಇರಲಿ, 3.3ಕ್ಕೆ ಇಳಿಯಲಿ, ಸಮತೋಲದ ಬಿಂದು ಅಲ್ಲಾಡುವುದಿಲ್ಲ. ಎಲೆಕ್ಟ್ರಾನಿಕ್ಸ್ ಇಲ್ಲದೆ ಬ್ಯಾಟರಿಯನ್ನು ನೇರ 0.5 ಓಮ್ ಕಾಯಿಲ್‌ಗೆ ಕೊಟ್ಟರೆ ಅಷ್ಟೇ ಇಳಿತಕ್ಕೆ 35 ವ್ಯಾಟ್ ಹೋಗಿ 22 ಆಗುತ್ತದೆ.

ಎಡವುವ ಜಾಗ ಒಂದಿದೆ. ಆಪ್-ಆಂಪ್ ಟ್ರಾನ್ಸಿಸ್ಟರನ್ನು ಪೂರ್ತಿ ಆಫ್ ಮಾಡಿದರೆ ಬ್ರಿಡ್ಜಿನಲ್ಲಿ ಕರೆಂಟೇ ಇರುವುದಿಲ್ಲ. ಕರೆಂಟ್ ಇಲ್ಲ ಅಂದರೆ ಅಳತೆಯೂ ಇಲ್ಲ. ಸರ್ಕ್ಯೂಟ್ ಸುಮ್ನೆ ಮಲಗಿಬಿಡುತ್ತದೆ, ಏಳುವುದೇ ಇಲ್ಲ. ನಾನು ಮೊದಲ ಸಲ ಕಟ್ಟಿದಾಗ ಇದೇ ಆಗಿ, ತಪ್ಪಿಲ್ಲದ ಎರಡು ಐಸಿ ಬಿಚ್ಚಿ ಎಸೆದಿದ್ದೆ. ಮದ್ದು ಸುಲಭ: ಟ್ರಾನ್ಸಿಸ್ಟರ್‌ಗೆ ಅಡ್ಡಲಾಗಿ 100 ಓಮ್‌ನ ರೆಸಿಸ್ಟರ್ ಹಾಕಿ, ಸ್ವಲ್ಪ ಕರೆಂಟ್ ಸದಾ ಜಿನುಗುತ್ತಿರಲಿ.

ಈಗ ಪ್ರಾಜೆಕ್ಟ್. ಕಾಯಿಲ್ ಬದಲು ಗ್ಯಾರೇಜಿನಲ್ಲಿ ಸಿಗುವ ಕಾರಿನ ಇಂಡಿಕೇಟರ್ ಬಲ್ಬ್ ತನ್ನಿ, 12 ವೋಲ್ಟ್ 21 ವ್ಯಾಟ್‌ನದು. ಉರಿಯುವಾಗ ಅದರ ರೆಸಿಸ್ಟೆನ್ಸ್ ಸುಮಾರು 7 ಓಮ್. ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಟಂಗ್‌ಸ್ಟನ್ ಅಲ್ವಾ, ಹೆಚ್ಚುಕಮ್ಮಿ ನಿಕ್ಕಲ್‌ನ ಹಾಗೆಯೇ. ಎಡ ಮೇಲ್ಗಡೆಗೆ 1 ಓಮ್ 10 ವ್ಯಾಟ್ ರೆಸಿಸ್ಟರ್, ಆಪ್-ಆಂಪ್ ಎಲ್‌ಎಂ358, ಟ್ರಾನ್ಸಿಸ್ಟರ್ ಟಿಐಪಿ122, ಅದಕ್ಕೊಂದು ಹೀಟ್‌ಸಿಂಕ್. ಪಾಟ್‌ನ ನಡುಬಿಂದು ಪ್ಲಸ್ ಇನ್‌ಪುಟ್‌ಗೆ, ಬಲ್ಬಿನದು ಮೈನಸ್‌ಗೆ. ತಿರುಗುಮುರುಗಾದರೆ ಬಿಸಿ ಏರಿದಷ್ಟೂ ಕರೆಂಟ್ ಏರುತ್ತದೆ. ಬಿಡಿ ಸೆಲ್ ಬೇಡ, ಕರೆಂಟ್ ಲಿಮಿಟ್ ಇರುವ ಲ್ಯಾಬ್ ಸಪ್ಲೈ ಬಳಸಿ.

ಮೊದಲು ಗಾಜು ಇಟ್ಟುಕೊಂಡೇ ಪಾಟ್ ತಿರುಗಿಸಿ ನೋಡಿ. ತಂತಿ ಮಂದ ಕೆಂಪಿಗೆ ಬಂದು ಅಲ್ಲೇ ನಿಲ್ಲಬೇಕು. ಆಮೇಲೆ ಸಪ್ಲೈ ತೆಗೆದು, ಸುರಕ್ಷತಾ ಕನ್ನಡಕ ಹಾಕಿಕೊಂಡು, ಬಲ್ಬನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗಾಜು ಒಡೆಯಿರಿ. ತಣ್ಣನೆಯ ರೆಸಿಸ್ಟೆನ್ಸಿನ 1.8 ಪಟ್ಟಿಗೆ ಪಾಟ್ ಇಟ್ಟರೆ ತಂತಿ 200 ಡಿಗ್ರಿ ಆಸುಪಾಸು ನಿಲ್ಲುತ್ತದೆ. ಕೆಂಪಗಾಗಲು ಬಿಡಬೇಡಿ, ಗಾಳಿಯಲ್ಲಿ ಸುಟ್ಟುಹೋಗುತ್ತದೆ. ಬ್ರಿಡ್ಜಿನ ಮೇಲ್ತುದಿಗೂ ಗ್ರೌಂಡ್‌ಗೂ ನಡುವೆ ವೋಲ್ಟ್‌ಮೀಟರ್ ಇಟ್ಟು ತಂತಿಯ ಮೇಲೆ ಮೆಲ್ಲಗೆ ಊದಿ. ಉಸಿರು ತಗುಲಿ ತಂತಿ ತಣ್ಣಗಾಗಲು ಹೊರಟ ಕೂಡಲೇ ಆಪ್-ಆಂಪ್ ಕರೆಂಟ್ ಏರಿಸುತ್ತದೆ, ಮೀಟರ್ ಮೇಲೇಳುತ್ತದೆ. ಕಾರಿನ ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಅಂತ ಅಳೆಯುವ ಹಾಟ್-ವೈರ್ ಸೆನ್ಸರ್ ಇದೇ ತತ್ವದ್ದು. ವೈವಾದಲ್ಲಿ ಎಕ್ಸಾಮಿನರ್ ಕೈಲೂ ಒಮ್ಮೆ ಊದಿಸಿ.