ದಕ್ಷಿಣ ಕೊರಿಯಾದ ಸುವೋನ್‌ಗೆ ಬರ್ತಿರೋ ತಮ್ಮನಿಗೆ, ನೂಡಲ್ಸ್ ವಿಚಾರ

ತಮ್ಮ, ನೀನು ಕೇಳಿರೋದು ಬಾಡಿಗೆ, ಚಳಿ, ಆಮೇಲೆ ವೆಜ್ ಆಗಿದ್ಕೊಂಡು ಕೊರಿಯನ್ ನೂಡಲ್ಸಲ್ಲೇ ಒಂದು ಸೆಮಿಸ್ಟರ್ ತಳ್ಳಬಹುದಾ, ಮ್ಯಾಗಿ ಎಷ್ಟು ತರಲಿ ಅಂತ. ಡಾರ್ಮ್ ಸಿಕ್ರೆ ಕಣ್ಮುಚ್ಚಿ ತಗೋ. ಜಾಕೆಟ್ ಇಲ್ಲೇ ಕೊಂಡ್ಕೋ, ಊರಿನ ಸ್ವೆಟರ್ ಇಲ್ಲಿನ ಜನವರಿಗೆ ಯಾವ ಮೂಲೆಗೂ ಸಾಲಲ್ಲ.

ನೂಡಲ್ಸ್ ಕತೆ ಬೇರೆ. ನಮ್ಮ ಮ್ಯಾಗಿ ಥರದ ಇನ್‌ಸ್ಟಂಟ್ ನೂಡಲ್ಸಿಗೆ ಇಲ್ಲಿ ರಾಮ್ಯನ್ ಅಂತಾರೆ. ಬೆಂಗಳೂರಲ್ಲಿ ಹಸಿರು ಚುಕ್ಕಿ ನೋಡಿ ಎತ್ಕೊಳ್ತೀಯಲ್ಲ, ಇಲ್ಲಿ ಆ ಚುಕ್ಕಿನೇ ಇಲ್ಲ. ಕೆಂಪು ಪ್ಯಾಕೆಟ್ಟಿನ ಶಿನ್ ರಾಮ್ಯನ್ ಇದ್ಯಲ್ಲ, 1986ರಿಂದ ಇಲ್ಲಿ ಮನೆಮನೆಲೂ ಇರೋದು, ಅದರ ಪುಡಿಲಿ ದನದ ಮಾಂಸದ ರಸ ಇದೆ. ಬರೋಕೆ ಮುಂಚೆ ಕೊರಿಯನ್ ಅಕ್ಷರ ಕಲ್ತ್ಕೋ, ಪ್ಯಾಕೆಟ್ ಹಿಂದೆ ಸ್ವೆಗೋಗಿ ಅಂದ್ರೆ ದನ, ದ್ವೇಜಿಗೋಗಿ ಅಂದ್ರೆ ಹಂದಿ, ಇಷ್ಟು ಓದೋಕೆ ಬಂದ್ರೆ ಅರ್ಧ ಗೆದ್ದೆ. ಒಟ್ಟೋಗಿಯವರ ಛೇಹ್ವಾಂಗ್, ಪುಲ್‌ಮುವನ್‌ನವರ ಜಂಗ್‌ಮ್ಯನ್ ಹುಡುಕು, ಎರಡರಲ್ಲೂ ಮಾಂಸ ಇಲ್ಲ. ಕಿಮ್ಚಿ ಅಂತ ಇಲ್ಲಿನ ಉಪ್ಪಿನಕಾಯಿ ಥರದ್ದು, ಅದಕ್ಕೂ ಸಾಮಾನ್ಯವಾಗಿ ಮೀನಿನ ಸಾಸೋ ಸೀಗಡಿನೋ ಬಿದ್ದಿರುತ್ತೆ, ಕೇಳದೆ ಬಾಯಿಗೆ ಹಾಕ್ಬೇಡ.

ನಾನು ಬಂದ ಹೊಸದ್ರಲ್ಲಿ ಲ್ಯಾಬಲ್ಲಿ ರಾತ್ರಿ ಹನ್ನೊಂದಕ್ಕೆ ಹಳದಿ ಬಣ್ಣದ ತೆಳು ಅಲ್ಯೂಮಿನಿಯಂ ಪಾತ್ರೆಲಿ ರಾಮ್ಯನ್ ಕುದಿಯೋದು. ಮೊಟ್ಟೆ ಒಡೆದು ಹಾಕೋರು, ಪಾತ್ರೆ ಮುಚ್ಚಳನೇ ತಟ್ಟೆ ಮಾಡ್ಕೊಂಡು ಅದ್ರ ಮೇಲೆ ಎಳೆ ಆರಿಸ್ಕೊಂಡು ಸೊರ್‌ ಅಂತ ಎಳೆಯೋರು, ಕೊನೇಲಿ ಉಳಿದ ಸೂಪಿಗೆ ತಣ್ಣಗಿನ ಅನ್ನ ಸುರ್ಕೊಳ್ಳೋರು, ನಮ್ಮನೇಲಿ ಸಾರು ಚೆನ್ನಾಗಿದ್ರೆ ಇನ್ನೊಂದು ಸೌಟು ಅನ್ನ ಕೇಳ್ತೀವಲ್ಲ ಹಂಗೆ. ನಾನು ಮಾಂಸ ತಿನ್ನಲ್ಲ ಅಂದೆ. ಒಬ್ಬ ಸೀನಿಯರ್ ಕೂತು, ಚಾಪ್‌ಸ್ಟಿಕ್ಕಲ್ಲಿ ಉಗುರಿನಷ್ಟು ಚಿಕ್ಕ ಚೂರುಗಳನ್ನೆಲ್ಲ ಒಂದೊಂದಾಗಿ ಹೆಕ್ಕಿ, ಈಗ ತಿನ್ನು ಅಂತ ನಗ್ತಾ ಬಟ್ಟಲು ಮುಂದಿಟ್ರು. ಅವ್ರ ಲೆಕ್ಕದಲ್ಲಿ ಚೂರು ತೆಗೆದ್ರೆ ಮಾಂಸ ಹೋಯ್ತು, ಸೂಪು ಲೆಕ್ಕಕ್ಕೇ ಇಲ್ಲ. ಹೊಟ್ಟೆ ಸರಿಯಿಲ್ಲ ಅಂತ ಎದ್ದು ಬಂದೆ. ಆಮೇಲೆ ಅವ್ರು ನನ್ನ ಕರೆಯೋದೇ ಬಿಟ್ರು, ಓದು ಮುಗಿಸಿ ಹೋಗೋವರೆಗೂ ಸರಿಯಾಗಿ ಮಾತಾಡ್ಲಿಲ್ಲ, ಅದು ಇವತ್ತಿಗೂ ಚುಚ್ಚುತ್ತೆ ಕಣೋ. ಅದಕ್ಕೇ ಹೇಳೋದು, ಮೊದಲ ದಿನಾನೇ ಸೂಪಿನ ಪುಡಿ ಸಮೇತ ಬಿಡಿಸಿ ಹೇಳ್ಬಿಡು, ಹೇಳಿ ಅಲ್ಲೇ ಕೂತ್ಕೋ, ರೂಮಿಗೆ ಓಡ್ಬೇಡ. ಇಲ್ಲಿ ಸ್ನೇಹ ಬೆಳೆಯೋದು ಆ ಪಾತ್ರೆ ಸುತ್ತಲೇ.

ಮ್ಯಾಗಿ ತರೋಕೆ ಜಾಗ ವೇಸ್ಟ್ ಮಾಡ್ಬೇಡ. ಇಲ್ಲಿ ಮಸಾಲೆ ಇಲ್ಲದ ಬರೀ ನೂಡಲ್ಸ್ ಸಿಗುತ್ತೆ, ರಾಮ್ಯನ್ ಸಾರಿ ಅಂತ, ಅದಕ್ಕೆ ಮನೆ ಸಾರಿನ ಪುಡಿ, ಇಂಗು ಹಾಕಿ ಕುದಿಸಿದ್ರೆ ಲ್ಯಾಬಿನೋರೇ ಬಟ್ಟಲು ಹಿಡ್ಕೊಂಡು ಬರ್ತಾರೆ. ಪುಡಿ ಜಾಸ್ತಿನೇ ತಾ, ಅದ್ರಲ್ಲಿ ಅರ್ಧ ಕೆಜಿ ನಂಗೆ, ದುಡ್ಡು ಕೊಡ್ತೀನಿ.