ಟೆಶೆನ್‌ಗೆ ಮೂರೇ ಸಾಲು ಸಾಕೇ?

ನಮಸ್ಕಾರ.

‘ಮಹಾಯುದ್ಧದ ಬೂದಿಯಿಂದ ಎದ್ದ ರಾಷ್ಟ್ರಗಳು’ ಎಂಬ ನಿಮ್ಮ ಲೇಖನ ಕೈಸೇರಿ ತಿಂಗಳಾಯಿತು. ತಡವಾಗಿ ಬರೆಯುತ್ತಿರುವುದಕ್ಕೆ ಬೇಸರ ಬೇಡ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವದಿಂದ ವಿಷಾದಿಸುತ್ತೇವೆ’ ಎಂಬ ಮಾಮೂಲಿ ಒಕ್ಕಣೆ ಕಳಿಸಿ ಕೈತೊಳೆದುಕೊಳ್ಳಬಹುದಿತ್ತು, ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಹನ್ನೊಂದನೇ ಪುಟ.

ಮೊದಲು ಅದರ ಹಿಂದಿನ ಹತ್ತು ಪುಟಗಳ ವಿಚಾರ ಮುಗಿಸಿಬಿಡೋಣ. ಸರಯೇವೋದಲ್ಲಿ ಗುಂಡು ಹಾರುತ್ತದೆ, ನಾಲ್ಕು ವರ್ಷ ಯುದ್ಧ ನಡೆಯುತ್ತದೆ, ಸಾಮ್ರಾಜ್ಯಗಳು ಉರುಳುತ್ತವೆ, ಆಮೇಲೆ ಪೋಲೆಂಡ್, ಚೆಕೊಸ್ಲೊವಾಕಿಯಾ, ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಎಂದು ಒಂದೊಂದಕ್ಕೆ ಒಂದೊಂದು ಪ್ಯಾರಾ. ಮೇಷ್ಟ್ರು ಹಾಜರಿ ಕೂಗಿದ ಹಾಗಿದೆ. ‘ಉದಯಿಸಿತು’ ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ಎಣಿಸಿದೆ: ಹದಿನಾಲ್ಕು. ದೇಶ ತಾನಾಗಿ ಉದಯಿಸುವುದಕ್ಕೆ ಅದೇನು ಸೂರ್ಯನೇ? ಯಾರೋ ಸಭೆ ಸೇರಿ ಘೋಷಿಸಬೇಕು, ಯಾರೋ ಏಣಿ ಹತ್ತಿ ಕಚೇರಿಯ ಮೇಲಿನ ಎರಡು ತಲೆಯ ಹದ್ದನ್ನು, ಅಂದರೆ ಹಳೇ ಸಾಮ್ರಾಜ್ಯದ ಲಾಂಛನವನ್ನು, ಕಿತ್ತು ಕೆಳಗೆ ಹಾಕಬೇಕು. ಚೆಕ್ಕರ ರಾಜಧಾನಿ ಪ್ರಾಗ್‌ನಲ್ಲಿ ಹಾಗೇ ಮಾಡಿದರು.

ಇನ್ನೊಂದು ಕಡೆ ನೀವು ಎಡವಿದ್ದೀರಿ, ಅದನ್ನು ಹಗುರವಾಗಿ ಬಿಡುವಂತಿಲ್ಲ. ‘ವರ್ಸೇಲ್ಸ್ ಒಪ್ಪಂದವು ಆಸ್ಟ್ರಿಯಾ-ಹಂಗೆರಿಯನ್ನು ಒಡೆದು ಹೊಸ ರಾಷ್ಟ್ರಗಳನ್ನು ಸೃಷ್ಟಿಸಿತು’ ಎಂದಿದ್ದೀರಿ. 1919ರ ಜೂನ್ 28ರ ವರ್ಸೇಲ್ಸ್ ಒಪ್ಪಂದ ಆಗಿದ್ದು ಜರ್ಮನಿಯ ಜೊತೆ. ಆಸ್ಟ್ರಿಯಾದ್ದು ಅದೇ ವರ್ಷ ಸೆಪ್ಟೆಂಬರಿನ ಸೇಂಟ್-ಜರ್ಮೇನ್ ಒಪ್ಪಂದ. ಹಂಗೆರಿಯದ್ದು 1920ರ ಜೂನ್‌ನ ಟ್ರಿಯನಾನ್. ಅಷ್ಟು ಹೊತ್ತಿಗೆ ಒಡೆಯಲು ಸಾಮ್ರಾಜ್ಯವೇ ಉಳಿದಿರಲಿಲ್ಲ. ಪ್ರಾಗ್‌ನವರು 1918ರ ಅಕ್ಟೋಬರ್ 28ಕ್ಕೇ ತಾವು ಬೇರೆ ಎಂದು ಸಾರಿಯಾಗಿತ್ತು. ಹಾಗೆಯೇ 1918ರಲ್ಲಿ ‘ಯುಗೊಸ್ಲಾವಿಯಾ’ ಎಂಬ ಹೆಸರಿರಲಿಲ್ಲ. ಆಗ ಅದು ಸರ್ಬರು, ಕ್ರೋಟರು ಮತ್ತು ಸ್ಲೊವೀನರ ರಾಜ್ಯ, ಅಧಿಕೃತವಾಗಿ ಹೆಸರು ಬದಲಾಗಿದ್ದು 1929ರಲ್ಲಿ. ಸಂಪಾದಕನಿಗೆ ತಪ್ಪು ಹೆಕ್ಕುವ ಚಟ ಅಂದುಕೊಳ್ಳಬೇಡಿ. ಘಟನೆಗಳ ಕ್ರಮ ಹಿಂದುಮುಂದಾದ್ದರಿಂದ ನಿಮ್ಮ ಇಡೀ ವಾದವೇ ವಾಲಿಕೊಂಡಿದೆ. ದೊಡ್ಡ ದೇಶಗಳು ಪ್ಯಾರಿಸ್‌ನಲ್ಲಿ ಸ್ಕೇಲು ಹಿಡಿದು ಗೆರೆ ಎಳೆದವು, ಪಾಪದ ಜನ ಒಪ್ಪಿಕೊಂಡರು ಎನ್ನುತ್ತೀರಿ. ಎಷ್ಟೋ ಕಡೆ ಊರಿನವರೇ ಮೊದಲು ಬೇಲಿ ಹಾಕಿಕೊಂಡರು, ಬೇಲಿಗಾಗಿ ಹೊಡೆದಾಡಿದರು, ಪ್ಯಾರಿಸ್‌ಗೆ ತಕರಾರು ಹೋಗಿದ್ದು ಆಮೇಲೆ.

ಈಗ ಹನ್ನೊಂದನೇ ಪುಟ. ನಿಮ್ಮದೇ ಸಾಲುಗಳು: ‘ಟೆಶೆನ್ ಎಂಬ ಸಣ್ಣ ಊರಿಗಾಗಿ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಕಾದಾಡಿದವು. ಕೊನೆಗೆ ಊರನ್ನೇ ಎರಡು ಹೋಳು ಮಾಡಲಾಯಿತು. ರೈಲು ನಿಲ್ದಾಣ ಒಂದು ದೇಶಕ್ಕೆ ಹೋಯಿತು, ಪೇಟೆ ಇನ್ನೊಂದು ದೇಶಕ್ಕೆ.’

ಓದುತ್ತಿದ್ದವನು ಇಲ್ಲಿ ಕನ್ನಡಕ ತೆಗೆದಿಟ್ಟು ಕೂತೆ. ನೀವು ಮಾತ್ರ ಮುಂದಿನ ಸಾಲಿಗೆ ಹಂಗೆರಿಗೆ ಹೊರಟುಬಿಟ್ಟಿರಿ. ಸ್ವಾಮಿ, ನಿಮ್ಮ ಲೇಖನ ಇದೇ! ಉಳಿದದ್ದೆಲ್ಲ ಪೀಠಿಕೆ.

ಈ ಮೂರು ಸಾಲಿನೊಳಗೆ ಏನೇನು ಅಡಗಿದೆ ನೋಡಿ. ಯುದ್ಧ ಶುರುವಾದ ವರ್ಷದ ಕೊನೆಯಿಂದ ಸುಮಾರು ಎರಡು ವರ್ಷ ಆಸ್ಟ್ರಿಯಾ-ಹಂಗೆರಿಯ ಇಡೀ ಸೇನೆಯ ಮುಖ್ಯ ಕಚೇರಿ ಇದ್ದದ್ದು ಇದೇ ಟೆಶೆನ್‌ನಲ್ಲಿ. ಸಾಮ್ರಾಜ್ಯವನ್ನು ಉಳಿಸುವ ನಕ್ಷೆಗಳು ಹರಡಿಕೊಂಡಿದ್ದ ಊರು, ಸಾಮ್ರಾಜ್ಯ ಬಿದ್ದ ಎರಡೇ ವರ್ಷಕ್ಕೆ ತಾನೇ ಸೀಳಿಹೋಯಿತು. 1910ರ ಜನಗಣತಿಯ ಪ್ರಕಾರ ಟೆಶೆನ್ ಸೀಮೆಯಲ್ಲಿ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಜನ. ನೂರಕ್ಕೆ ಸುಮಾರು 55 ಮಂದಿ ಪೋಲಿಷ್ ಆಡುವವರು, 27 ಮಂದಿ ಚೆಕ್, 18 ಮಂದಿ ಜರ್ಮನ್. ಆ ಗಣತಿ ಕೇಳಿದ್ದು ‘ನೀವು ದಿನಬಳಕೆಯಲ್ಲಿ ಯಾವ ಭಾಷೆ ಆಡುತ್ತೀರಿ’ ಎಂದು. 1918ರಲ್ಲಿ ಅದೇ ಅಂಕಿಯನ್ನು ‘ನೀವು ಯಾವ ದೇಶದವರು’ ಎಂಬ ಪ್ರಶ್ನೆಗೆ ಉತ್ತರವಾಗಿ ಓದತೊಡಗಿದರು. ಲೇಖನದ ಬೇರು ಇಲ್ಲಿದೆ. ಇದಕ್ಕೆ ಎರಡು ಪುಟ ಕೊಡಿ.

ಚೆಕ್ಕರ ಕೈಯಲ್ಲಿ ಜನಸಂಖ್ಯೆ ಇರಲಿಲ್ಲ, ಆದರೆ ರೈಲಿನ ಲೆಕ್ಕ ಇತ್ತು. ಬೊಹುಮಿನ್‌ನಿಂದ ಕೊಶಿತ್ಸೆಗೆ ಹೋಗುವ ಹಳಿ ಈ ಊರಿನ ಮೇಲೇ ಹಾದುಹೋಗುತ್ತದೆ. ಚೆಕ್ ನಾಡನ್ನೂ ಸ್ಲೊವಾಕಿಯಾವನ್ನೂ ಜೋಡಿಸುವ ಮುಖ್ಯ ಹಳಿ ಅದು. ಅದು ಕೈತಪ್ಪಿದರೆ ‘ಚೆಕೊ’ ಒಂದು ಕಡೆ, ‘ಸ್ಲೊವಾಕಿಯಾ’ ಒಂದು ಕಡೆ. ಮಗ್ಗುಲಲ್ಲೇ ಕಾರ್ವಿನಾದ ಕಲ್ಲಿದ್ದಲು ಗಣಿಗಳು ಬೇರೆ.

1918ರ ನವೆಂಬರ್ 5ರಂದು ಎರಡೂ ಕಡೆಯ ಸ್ಥಳೀಯ ಸಮಿತಿಗಳು ಕೂತು, ಎಲ್ಲಿ ಯಾರ ಮಾತು ಹೆಚ್ಚೋ ಅಲ್ಲಿ ಅವರ ಆಡಳಿತ ಎಂದು ತಾತ್ಕಾಲಿಕವಾಗಿ ಹಂಚಿಕೊಂಡವು. ರಕ್ತ ಹರಿಯಲಿಲ್ಲ, ಹೊರಗಿನವರು ಯಾರೂ ಹೇಳಿಕೊಡಲಿಲ್ಲ. ಇದನ್ನು ನೀವು ಹೇಳದೇ ಬಿಟ್ಟಿರುವುದು ನನಗೆ ಅರ್ಥವಾಗಲಿಲ್ಲ. ಆಮೇಲೆ ವಾರ್ಸಾದ ಪೋಲಿಷ್ ಸರ್ಕಾರದವರು 1919ರ ಜನವರಿ 26ರ ತಮ್ಮ ಸಂಸತ್ ಚುನಾವಣೆಯನ್ನು ಇಲ್ಲೂ ನಡೆಸುತ್ತೇವೆ ಎಂದರು. ಚುನಾವಣೆ ನಡೆದರೆ ತಾತ್ಕಾಲಿಕ ಎಂದದ್ದು ಕಾಯಂ ಆಗುತ್ತದೆ ಎಂದು ಪ್ರಾಗ್ 23ರಂದೇ ಸೈನ್ಯ ನುಗ್ಗಿಸಿತು. ಒಂದು ವಾರದ ಯುದ್ಧ. ಇಬ್ಬರೂ ಸ್ಲಾವರು, ಇಬ್ಬರೂ ಗೆದ್ದವರ ಪಾಳಯದಲ್ಲಿ ಕೂತವರು, ಇಬ್ಬರದೂ ಮೂರು ತಿಂಗಳ ಕೂಸು ಸರ್ಕಾರ. ‘ಶತಮಾನಗಳ ಹಗೆ ಸ್ಫೋಟಿಸಿತು’ ಎಂದು ಬರೆದಿದ್ದೀರಲ್ಲ, ಆ ಸಾಲು ತೆಗೆಯಿರಿ. ಈ ಹಗೆ ಹೊಚ್ಚಹೊಸದು.

ಅದೇ ವರ್ಷ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಲಾಯ್ಡ್ ಜಾರ್ಜ್ ತಮ್ಮ ಸಂಸತ್ತಿನಲ್ಲಿ, ಟೆಶೆನ್ ಹೆಸರನ್ನು ಇಲ್ಲಿ ಎಷ್ಟು ಜನ ಕೇಳಿದ್ದೀರಿ, ನಾನಂತೂ ಕೇಳಿರಲಿಲ್ಲ ಎಂಬರ್ಥದ ಮಾತಾಡಿದರು. ಪ್ಯಾರಿಸ್‌ನಲ್ಲಿ ಕೂತ ದೊಡ್ಡ ದೇಶಗಳು ಜನಮತಗಣನೆ ಎಂದವು, ಅದೂ ನಡೆಯಲಿಲ್ಲ. 1920ರ ಜುಲೈನಲ್ಲಿ ಸೋವಿಯತ್ ರಷ್ಯಾದ ಕೆಂಪು ಸೇನೆ ವಾರ್ಸಾದ ಕಡೆ ಬರುತ್ತಿತ್ತು, ಪೋಲೆಂಡಿಗೆ ಜಗ್ಗಾಡುವ ಶಕ್ತಿ ಇರಲಿಲ್ಲ. ಆ ಹೊತ್ತಿಗೆ ಜುಲೈ 28ರಂದು ಅದೇ ದೊಡ್ಡ ದೇಶಗಳ ತೀರ್ಪು ಬಂತು: ಓಲ್ಜಾ ನದಿಯೇ ಗಡಿ. ಕೋಟೆಯೂ ಹಳೇ ಪೇಟೆಯೂ ಪೋಲೆಂಡಿಗೆ, ನಿಲ್ದಾಣವೂ ಗಣಿಗಳೂ ಚೆಕೊಸ್ಲೊವಾಕಿಯಾಕ್ಕೆ. ಪೋಲಿಷ್ ಆಡುವ ಲಕ್ಷಕ್ಕೂ ಹೆಚ್ಚು ಮಂದಿ ನದಿಯ ಆಚೆ ದಡದಲ್ಲಿ ಉಳಿದರು.

ನಾನಾಗಿದ್ದರೆ ಲೇಖನವನ್ನು ಟ್ರಾಮ್‌ನಿಂದ ಶುರುಮಾಡುತ್ತಿದ್ದೆ. 1911ರಲ್ಲಿ ಟೆಶೆನ್‌ಗೆ ಟ್ರಾಮ್ ಬಂತು. ಒಂದೇ ಮಾರ್ಗ, ಎರಡು ಕಿಲೋಮೀಟರೂ ಇಲ್ಲ: ರೈಲು ನಿಲ್ದಾಣದಿಂದ ಹೊರಟು, ಓಲ್ಜಾ ಸೇತುವೆ ದಾಟಿ, ಇಕ್ಕಟ್ಟಾದ ಏರುಬೀದಿ ಹತ್ತಿ ಹಳೇ ಪೇಟೆಗೆ. 1920ರ ತೀರ್ಪಾದ ಮೇಲೆ ಅದೇ ಸೇತುವೆ ಎರಡು ದೇಶಗಳ ಗಡಿ. ಸೇತುವೆ ದಾಟದ ಟ್ರಾಮ್ ಯಾರಿಗೆ ಬೇಕು? 1921ರಲ್ಲಿ ನಿಂತೇಹೋಯಿತು. ಆ ಹಳಿಯ ಜೊತೆ ನಡೆದರೆ ಸಾಕು, ಸಾಮ್ರಾಜ್ಯ, ಜನಗಣತಿ, ಗಣಿ, ಯುದ್ಧ ಎಲ್ಲವೂ ದಾರಿಯಲ್ಲೇ ಸಿಗುತ್ತವೆ.

ಇನ್ನೊಬ್ಬರಿದ್ದಾರೆ, ಅವರನ್ನು ಬಿಡಬೇಡಿ: ಯೂಜೆಫ್ ಕೊಜ್ಡೋನ್. ನಾವು ಪೋಲರೂ ಅಲ್ಲ, ಚೆಕ್ಕರೂ ಅಲ್ಲ, ಸೈಲೇಷಿಯಾದವರು (ಟೆಶೆನ್ ಸೀಮೆ ಸೇರಿದ ಪ್ರಾಂತ ಅದು) ಎಂದು ಪಕ್ಷ ಕಟ್ಟಿದವರು. ಊರು ಹೋಳಾದ ಮೇಲೆ ಚೆಕ್ ಬದಿಯ ಊರಿಗೆ ಮೇಯರ್ ಆಗಿ 1938ರವರೆಗೆ ಇದ್ದರು. ಭಾಷೆ ಹಿಡಿದು ದೇಶ ಎಣಿಸುವ ನಿಮ್ಮ ಪಟ್ಟಿಯಲ್ಲಿ ಇಂಥವರನ್ನು ಯಾವ ಕಾಲಂಗೆ ಹಾಕುತ್ತೀರಿ? ನಿಮ್ಮ ವಾದಕ್ಕೆ ಒಗ್ಗದ ಮನುಷ್ಯನೇ ವಾದವನ್ನು ಗಟ್ಟಿ ಮಾಡುತ್ತಾನೆ.

1938ರ ಕತೆ ಚುಟುಕಾಗಿ ಬರಲಿ. ಚೆಕೊಸ್ಲೊವಾಕಿಯಾದ ಗಡಿನಾಡನ್ನು ಹಿಟ್ಲರ್‌ಗೆ ಬಿಟ್ಟುಕೊಟ್ಟ ಮ್ಯೂನಿಕ್ ಒಪ್ಪಂದದ ಬೆನ್ನಿಗೇ ಅಕ್ಟೋಬರ್ ಆರಂಭದಲ್ಲಿ ಪೋಲಿಷ್ ಸೇನೆ ಅದೇ ಸೇತುವೆ ದಾಟಿ ಆಚೆ ದಡವನ್ನು ವಶಪಡಿಸಿಕೊಂಡಿತು. ಹಿಟ್ಲರ್ ಚೆಕೊಸ್ಲೊವಾಕಿಯಾವನ್ನು ಹರಿದು ತಿನ್ನುವಾಗ ಪೋಲೆಂಡೂ ಒಂದು ತುಂಡು ಕಿತ್ತುಕೊಂಡಿತು. ಹನ್ನೊಂದು ತಿಂಗಳಿಗೆ ಅದರ ಸರದಿಯೇ ಬಂತು. ಇಲ್ಲಿ ನೀವು ಉಪದೇಶಕ್ಕೆ ಇಳಿಯುತ್ತೀರಿ, ಆ ಪ್ಯಾರಾ ಹೊಡೆದುಹಾಕಿದ್ದೇನೆ. ತಾರೀಕುಗಳೇ ಸಾಕು.

ಎರಡು ಕಡೆ ನಮ್ಮ ನಾಡನ್ನು ಎಳೆದುತಂದಿದ್ದೀರಿ. ‘ನಮ್ಮ ಬೆಳಗಾವಿಯಂತೆಯೇ’ ಎಂಬ ಮಾತು ಬೇಡ. ಕನ್ನಡದ ಓದುಗರಿಗೆ ಗಡಿ, ಭಾಷೆ, ಜನಗಣತಿ ಎನ್ನುತ್ತಲೇ ಬೆಳಗಾವಿ, ಕಾಸರಗೋಡು ತಾವಾಗೇ ನೆನಪಾಗುತ್ತವೆ. ನೀವು ಹೇಳಿದರೆ ಅವರ ಕೆಲಸ ಕಿತ್ತುಕೊಂಡ ಹಾಗೆ. ಅಲ್ಲದೆ ಒಂದು ದೇಶದೊಳಗಿನ ರಾಜ್ಯಗಳ ತಕರಾರು ಬೇರೆ, ಪಾಸ್‌ಪೋರ್ಟ್ ಕೇಳುವ ಸೇತುವೆ ಬೇರೆ. ಇನ್ನೊಂದು, ಮೈಸೂರು ಲ್ಯಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ನಮ್ಮ ಕುದುರೆ ಸವಾರರು ಪ್ಯಾಲೆಸ್ಟೈನಿನ ಹೈಫಾ ಗೆದ್ದದ್ದು ನಿಜ, ಆ ನೆಲವೂ ಯುದ್ಧದ ಮೇಲೆ ಹೊಸ ಜಗಳಗಳ ಬೀಡಾಯಿತು. ಆದರೆ ಟೆಶೆನ್ ಲೇಖನದ ಬಾಲಕ್ಕೆ ಅದನ್ನು ಕಟ್ಟಬೇಡಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ, ಒಂದು ಭಾನುವಾರ ಹೋಗಿ ನೋಡಿಕೊಂಡು ಬನ್ನಿ. ಅದನ್ನು ಬೇರೆಯಾಗಿ ಬರೆದುಕೊಟ್ಟರೆ ಓದುತ್ತೇನೆ.

ಊರಿನ ಹೆಸರಿನ ಬಗ್ಗೆಯೂ ತೀರ್ಮಾನಿಸಿ. ಜರ್ಮನ್ನರಿಗೆ ಟೆಶೆನ್, ಪೋಲರಿಗೆ ಚೆಶಿನ್, ಚೆಕ್ಕರಿಗೆ ತ್ಯೆಶೀನ್. ನೀವು ಮೂರನ್ನೂ ಮನಸ್ಸಿಗೆ ಬಂದಂತೆ ಬಳಸಿದ್ದೀರಿ. ಒಂದು ಪುಟದಲ್ಲಂತೂ ಅವು ಮೂರು ಬೇರೆ ಊರುಗಳೇನೋ ಅನಿಸಿತು. ನಾನು ಈ ಕಾಗದದಲ್ಲಿ ಜರ್ಮನ್ ಹೆಸರು ಬಳಸಿದ್ದು ಸಾಮ್ರಾಜ್ಯದ ಕಾಲದಿಂದ ಮಾತು ಶುರುವಾಯಿತೆಂದು ಅಷ್ಟೇ. ನೀವು ಯಾವುದನ್ನು ಹಿಡಿಯುತ್ತೀರಿ, ಏಕೆ ಎಂದು ಮೊದಲ ಪುಟದಲ್ಲೇ ಒಂದು ಸಾಲು ಹೇಳಿಬಿಡಿ.

ಹದಿನೆಂಟು ಪುಟ ಏಳಕ್ಕೆ ಇಳಿಯಬೇಕು. ಜೊತೆಗೆ ಊರಿನ ಒಂದು ನಕ್ಷೆ ಬೇಕಾಗುತ್ತದೆ. ನಿಲ್ದಾಣ, ಸೇತುವೆ, ಪೇಟೆ, ಟ್ರಾಮ್ ಹಳಿ ಇಷ್ಟನ್ನು ಕೈಯಲ್ಲೇ ಗುರುತು ಹಾಕಿ ಕಳಿಸಿ, ನಮ್ಮ ಕಲಾವಿದರು ತಿದ್ದಿ ಬರೆಯುತ್ತಾರೆ. ಹಸ್ತಪ್ರತಿಯನ್ನು ನನ್ನ ಗೀಚುಗಳ ಸಮೇತ ಹಿಂದಿರುಗಿಸುತ್ತಿದ್ದೇನೆ. ಹನ್ನೊಂದನೇ ಪುಟದಲ್ಲಿ ಗೀಚಿಲ್ಲ.