ಎಂಟು ಸಲ ಓದಿದ ಮೇಲ್

ಓದುಗರೊಬ್ಬರ ಪತ್ರದಿಂದ ಕೆಲವು ಸಾಲು: “ಆಫೀಸಿನಲ್ಲಿ ನಾಲ್ಕು ಸಾಲಿನ ಮೇಲ್ ಕಳಿಸಲು ನನಗೆ ಮುಕ್ಕಾಲು ಗಂಟೆ ಬೇಕು. ಎಂಟು ಸಲ ಓದುತ್ತೇನೆ. ಮಗಳು ಮಡಿಚಿಟ್ಟ ಬಟ್ಟೆಯನ್ನು ಬಿಡಿಸಿ ಮತ್ತೆ ಮಡಿಚುತ್ತೇನೆ. ಎಲ್ಲರೂ ನನ್ನ ಅಚ್ಚುಕಟ್ಟು ಹೊಗಳುತ್ತಾರೆ, ನನಗೆ ಮಾತ್ರ ಸಾಕಾಗಿದೆ. ಬಿಟ್ಟರೆ ಕೆಲಸ ಕೆಡುತ್ತದೇನೋ ಎಂಬ ಭಯ. ಏನು ಮಾಡಲಿ?”

ಸಂಪಾದಕರ ಉತ್ತರ:

ನಿಮ್ಮ ಎರಡು ಪುಟದ ಪತ್ರದಲ್ಲಿ ಹೊಡೆದುಹಾಕಿದ ಪದ ಒಂದೂ ಇಲ್ಲ. ಇದನ್ನೂ ಎಷ್ಟು ಸಲ ಬರೆದಿರೋ! ತಮಾಷೆ ಮಾಡುತ್ತಿಲ್ಲ. ಹಿಂದೊಮ್ಮೆ ತಲೆಬರಹದಲ್ಲಿ ಒಂದು ಕೊಂಬು ಬಿಟ್ಟುಹೋಗಿ ನಾನು ರಾತ್ರಿಯಿಡೀ ನಿದ್ದೆಗೆಟ್ಟಿದ್ದೆ. ಅದರ ಬಗ್ಗೆ ಒಬ್ಬ ಓದುಗರೂ ಬರೆಯಲಿಲ್ಲ.

ಆ ಮೇಲನ್ನೇ ನೋಡೋಣ. ಮೊದಲೆರಡು ಸಲ ಓದಿದಾಗ ತಪ್ಪು ಸಿಗುತ್ತದೆ, ತಿದ್ದುತ್ತೀರಿ. ಮೂರನೇ ಸಲ ‘ದಯವಿಟ್ಟು’ ಕೊನೆಯ ಸಾಲಿಗೆ ಹೋಗುತ್ತದೆ. ಐದನೇ ಸಲ ಮತ್ತೆ ಮೊದಲ ಸಾಲಿಗೆ ಬರುತ್ತದೆ. ಆಮೇಲೆ ನೀವು ಓದುತ್ತಿರುವುದು ಮೇಲನ್ನಲ್ಲ, ಅದನ್ನು ತೆರೆಯುವವರ ಮುಖವನ್ನು. ಅಚ್ಚುಕಟ್ಟಿನವರಿಗೆ ಕೆಲಸ ಮುಗಿದಾಗ ಖುಷಿಯಾಗುತ್ತದೆ. ನಿಮಗೆ ‘ಸದ್ಯ, ಬಚಾವಾದೆ’ ಅನ್ನಿಸುತ್ತದೆ, ಅಲ್ವಾ? ನಿಮ್ಮನ್ನು ಸುಸ್ತು ಮಾಡುತ್ತಿರುವುದು ಕೆಲಸಕ್ಕಿಂತ ಜಾಸ್ತಿ ಈ ಭಯವೇ. ಎಷ್ಟೋ ಜನ ಕೆಲಸ ಮುಂದೂಡುವುದೂ ಇದರಿಂದಲೇ. ಶುರು ಮಾಡದಿದ್ದರೆ ತಪ್ಪಾಗುವುದೇ ಇಲ್ಲವಲ್ಲ!

ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ, ಎಲ್ಲವೂ ಪರಿಪೂರ್ಣವಾಗಿರಲೇಬೇಕು ಎನ್ನುವ ಈ ಸ್ವಭಾವವನ್ನು (ಪರ್ಫೆಕ್ಷನಿಸಂ) ಮೂರು ಬಗೆಯಾಗಿ ವಿಂಗಡಿಸಿದರು. ಒಂದು, ನಾನು ಒಂಚೂರೂ ತಪ್ಪಬಾರದು ಎನ್ನುವುದು. ಇನ್ನೊಂದು, ಬೇರೆಯವರೂ ತಪ್ಪಬಾರದು ಎನ್ನುವುದು; ನಿಮ್ಮ ಬಟ್ಟೆ ಮಡಿಚುವ ಪ್ರಸಂಗ ಇಲ್ಲಿಗೆ ಬರುತ್ತದೆ. ಮೂರನೆಯದು, ತಪ್ಪಿದರೆ ಜನ ನನ್ನನ್ನು ಒಪ್ಪುವುದಿಲ್ಲ ಎಂಬ ನಂಬಿಕೆ. ಹೆಚ್ಚು ನೋಯಿಸುವುದು ಇದೇ. ಅಮೆರಿಕ, ಕೆನಡಾ, ಬ್ರಿಟನ್ನಿನ ಕಾಲೇಜು ವಿದ್ಯಾರ್ಥಿಗಳು ಇದರ ಬಗೆಗಿನ ಪ್ರಶ್ನೆಗಳಿಗೆ 1989ರಿಂದ 2016ರವರೆಗೆ ಕೊಟ್ಟ ಉತ್ತರಗಳನ್ನು ಹೋಲಿಸಿದಾಗ ಮೂರೂ ಏರಿದ್ದವು, ಮೂರನೆಯದು ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ನೀವು ಒಂಟಿಯಲ್ಲ.

ಬಿಟ್ಟರೆ ಕೆಲಸ ಕೆಡುತ್ತದೆ ಎಂದಿರಿ. ಉದ್ಯೋಗಿಗಳ ಮೇಲೆ ನಡೆದ ಹಲವಾರು ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ನೋಡಿದಾಗ, ಈ ಸ್ವಭಾವಕ್ಕೂ ಕೆಲಸದ ಗುಣಮಟ್ಟಕ್ಕೂ ಹೆಚ್ಚುಕಡಿಮೆ ನಂಟೇ ಕಾಣಲಿಲ್ಲ. ಆದರೆ ಒತ್ತಡ, ಆತಂಕ, ಬಳಲಿಕೆಗಳ ಜೊತೆಗೆ ನಂಟಿತ್ತು. ಆ ಆರು ಹೆಚ್ಚುವರಿ ಓದುಗಳಿಂದ ನಿಮಗೆ ಸಿಕ್ಕಿದ್ದೂ ಅಷ್ಟೇ ಇರಬೇಕು.

ಇದನ್ನು ಸುಮ್ನೆ ನಂಬಬೇಡಿ, ಪರೀಕ್ಷಿಸಿ. ಮನಶ್ಶಾಸ್ತ್ರಜ್ಞರು ಮಾಡಿಸುವ ಒಂದು ಪ್ರಯೋಗವಿದೆ. ಅಷ್ಟೇನೂ ಮುಖ್ಯವಲ್ಲದ ಒಂದು ಮೇಲ್ ಆರಿಸಿಕೊಳ್ಳಿ. ಎರಡೇ ಸಲ ಓದಿ ಕಳಿಸಿ. ಕಳಿಸುವ ಮೊದಲು ‘ಏನಾಗಬಹುದು’ ಎಂದು ಚೀಟಿಯಲ್ಲಿ ಬರೆದಿಡಿ. ಎರಡು ದಿನ ಬಿಟ್ಟು, ನಿಜಕ್ಕೂ ಏನಾಯಿತೆಂದು ಅದರ ಕೆಳಗೇ ಬರೆಯಿರಿ. ಮೊದಲ ಸಲ ಕೈ ನಡುಗುತ್ತದೆ, ನಡುಗಲಿ. ಇಂಥ ನಾಲ್ಕೈದು ಚೀಟಿ ಸೇರಿದ ಮೇಲೆ ಒಟ್ಟಿಗೆ ಓದಿ. ನಿದ್ದೆ, ಊಟ ಕೆಡುವಷ್ಟು ಆಗಿದ್ದರೆ ಮಾತ್ರ ಒಬ್ಬರೇ ಗುದ್ದಾಡಬೇಡಿ, ಆಪ್ತಸಮಾಲೋಚಕರನ್ನು ಕಾಣಿ.

ಬಟ್ಟೆಯ ವಿಷಯಕ್ಕೆ ಪ್ರಯೋಗವೇನೂ ಬೇಡ. ಮಗಳು ಮಡಿಚಿದ್ದನ್ನು ಹಾಗೇ ಬೀರುವಿನಲ್ಲಿಡಿ. ನೀವು ಬಿಡಿಸಿ ಮಡಿಚುವಾಗ ಅವಳು ಬಾಗಿಲ ಬಳಿ ನಿಂತು ನೋಡುತ್ತಿರುತ್ತಾಳೆ ಎಂದು ನೀವೇ ಬರೆದಿದ್ದೀರಿ. ಅದು ಪತ್ರದ ಕೊನೆಯ ಸಾಲು.